ಪ್ಲಗ್‌ಗೆ ಆಯಿಲ್ ಬರುವ ಮೂಲವನ್ನು ಪತ್ತೆ ಮಾಡದೆ ಎಂಜಿನ್ ಬಿಚ್ಚಲು ಹೇಳಿರುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಕಾರು ಸರ್ವಿಸ್ ಸೆಂಟರ್

ವಿಷಯ: ಮೂರನೆಯ ಸಿಲಿಂಡರಿನ ಸ್ಪಾರ್ಕ್ ಪ್ಲಗ್ ಪದೇ ಪದೇ ಕೆಡುತ್ತಿರುವುದು ಮತ್ತು ಪರೀಕ್ಷೆಯಿಲ್ಲದೆ ಓವರ್‌ಹಾಲ್ ಸಲಹೆ ನೀಡಿರುವುದು.

ಮಾನ್ಯರೇ,

ನನ್ನ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು 1.8 ಲಕ್ಷ ಕಿಲೋಮೀಟರ್ ದಾಟಿದೆ. ಅದರ ಮೂರನೆಯ ಸಿಲಿಂಡರಿನ ಪ್ಲಗ್ ಮತ್ತೆ ಮತ್ತೆ ಆಯಿಲ್‌ನಿಂದ ತೊಯ್ದು ಕಿಡಿ ಕೊಡುವುದನ್ನು ನಿಲ್ಲಿಸುತ್ತಿದೆ. ಪ್ರತಿ ಸಲವೂ ತಮ್ಮಲ್ಲಿ ಹೊಸ ಪ್ಲಗ್ ಹಾಕಿ, ಸ್ಕ್ಯಾನರ್‌ನಿಂದ ಪಿ0303 ಮಿಸ್‌ಫೈರ್ ಕೋಡ್ (ಮೂರನೆಯ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ ಎಂಬ ದೋಷಸೂಚನೆ) ಅಳಿಸಿ, ಗಾಡಿ ಸರಿಯಾಗಿದೆ ಎಂದು ಕಳುಹಿಸಲಾಗಿದೆ. ಈಗ ತಮ್ಮ ಸರ್ವಿಸ್ ಅಡ್ವೈಸರ್, ಎಂಜಿನ್ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡದೆ ಬೇರೆ ದಾರಿಯಿಲ್ಲ ಎಂದು ಅಂದಾಜು ಪಟ್ಟಿ ಕೈಗಿತ್ತಿದ್ದಾರೆ. ಇಷ್ಟೆಲ್ಲ ಆಗುವವರೆಗೂ ಆಯಿಲ್ ಯಾವ ದಾರಿಯಿಂದ ಒಳಗೆ ಬರುತ್ತಿದೆ ಎಂದು ತಿಳಿಯಲು ಒಂದೇ ಒಂದು ಪರೀಕ್ಷೆಯನ್ನೂ ಮಾಡಿಲ್ಲ. ನನ್ನ ದೂರು ಇದೇ.

ಮೊದಲು ಬಿಚ್ಚಿದ ಪ್ಲಗ್‌ಗಳನ್ನು ಕೇಳಿ ಪಡೆದಿಟ್ಟುಕೊಂಡಿದ್ದೇನೆ. ಮೂರನೆಯದರ ತುದಿ, ಎಲೆಕ್ಟ್ರೋಡ್‌ಗಳ ನಡುವಿನ ಸಂದಿಯೂ ಸೇರಿ, ಹೊಳೆಯುವ ಕಪ್ಪು ಜಿಡ್ಡಿನಿಂದ ಮುಚ್ಚಿಹೋಗಿದೆ. ಬಟ್ಟೆಯಿಂದ ಒರೆಸಿದರೆ ಆಯಿಲ್ ಅಂಟಿಕೊಳ್ಳುತ್ತದೆ. ಪೆಟ್ರೋಲ್ ಹೆಚ್ಚಾಗಿ ಕಪ್ಪಾದ ಪ್ಲಗ್ ಆಗಿದ್ದರೆ ಒಣ ಮಸಿ ಪುಡಿಪುಡಿಯಾಗಿ ಉದುರಬೇಕಿತ್ತು. ಉಳಿದ ಮೂರರ ತುದಿ ತಿಳಿ ಕಂದು ಬಣ್ಣಕ್ಕಿದ್ದು, ಆರೋಗ್ಯವಂತ ಎಂಜಿನ್ನಿನ ಪ್ಲಗ್‌ನಂತೆಯೇ ಇವೆ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಮೂರನೆಯ ಪ್ಲಗ್‌ನ ಮೇಲ್ಭಾಗದ ಬಿಳಿ ಪಿಂಗಾಣಿಯ ಮೇಲೆ ಆಯಿಲ್‌ನ ಗುರುತೇ ಇಲ್ಲ, ಪ್ಲಗ್‌ಗೆ ವಿದ್ಯುತ್ ಕೊಡುವ ಕಾಯಿಲ್‌ನ ರಬ್ಬರ್ ಬೂಟ್ (ಹೊದಿಕೆ) ಕೂಡ ಒಣಗಿಯೇ ಇತ್ತು.

ಹೀಗಿದ್ದರೂ ತಮ್ಮವರು ಎಂಜಿನ್ನಿನ ಮೇಲ್ಮುಚ್ಚಳದ ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ಹಾಗೂ ಪ್ಲಗ್ ಗುಳಿಗೆ ಆಯಿಲ್ ಬಾರದಂತೆ ತಡೆಯುವ ಪ್ಲಗ್ ಟ್ಯೂಬ್ ಸೀಲ್‌ಗಳನ್ನು ಬದಲಾಯಿಸಿ, ಬಿಡಿಭಾಗ ಮತ್ತು ಕೂಲಿ ಎರಡನ್ನೂ ಬಿಲ್ಲಿಗೆ ಸೇರಿಸಿದರು. ಅಲ್ಲಿಂದ ಸೋರುವ ಆಯಿಲ್ ಪ್ಲಗ್ ಕೂರುವ ಗುಳಿಯಲ್ಲಿ ನಿಂತು ಪಿಂಗಾಣಿ ಮತ್ತು ಬೂಟನ್ನು ತೋಯಿಸುತ್ತದೆಯೇ ಹೊರತು, ಬಿಗಿಯಾಗಿ ಕೂತ ಪ್ಲಗ್‌ನ ತಿರುಪು ಮರೆಯನ್ನು ದಾಟಿ ದಹನ ಕೋಣೆಗೆ ಇಳಿಯುವುದಿಲ್ಲ. ಗುಳಿ ಒಣಗಿತ್ತು, ತುದಿ ತೊಯ್ದಿತ್ತು ಎಂದ ಮೇಲೆ ಆಯಿಲ್ ಬಂದದ್ದು ಒಳಗಿನಿಂದ. ಇಷ್ಟನ್ನು ಪ್ಲಗ್ ಕೈಯಲ್ಲಿ ಹಿಡಿದು ನೋಡಿದ ಯಾವ ಮೆಕ್ಯಾನಿಕ್ ಆದರೂ ಹೇಳಬಲ್ಲರು. ಹಾಗಾಗಿ ಆ ಕೆಲಸದ ಕೂಲಿಯನ್ನು ಹಿಂದಿರುಗಿಸಬೇಕೆಂಬ ನನ್ನ ಬೇಡಿಕೆ ನ್ಯಾಯವಾದದ್ದು.

ಗಾಡಿಯ ಲಕ್ಷಣಗಳನ್ನು ಪ್ರತಿ ಸಲವೂ ಜಾಬ್ ಕಾರ್ಡಿನಲ್ಲಿ ಬರೆಸಿದ್ದೇನೆ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದು ಸ್ವಲ್ಪ ಹೊತ್ತಿನಲ್ಲಿ ನಿಲ್ಲುತ್ತದೆ. ಉದ್ದನೆಯ ಇಳಿಜಾರನ್ನು ಆಕ್ಸಿಲರೇಟರ್ ಬಿಟ್ಟು ಇಳಿದು, ಮತ್ತೆ ಒತ್ತಿದ ಕೂಡಲೇ ಒಮ್ಮೆ ಬುಸ್ಸೆಂದು ಹೊಗೆ ಬರುತ್ತದೆ. ಒಂದೇ ವೇಗದಲ್ಲಿ ಓಡುವಾಗಲಾಗಲಿ, ಭಾರ ಎಳೆದು ಏರು ಹತ್ತುವಾಗಲಾಗಲಿ ಹೊಗೆ ಕಾಣುವುದಿಲ್ಲ. ಪಿಸ್ಟನ್ ಸುತ್ತ ಕೂರುವ ರಿಂಗ್ ಸವೆದ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಎಳೆತದ ಹೊತ್ತಿನಲ್ಲೇ ಹೊಗೆ ಹೆಚ್ಚು. ಇಲ್ಲಿನ ಲಕ್ಷಣಗಳಾದರೋ, ವಯಸ್ಸಾಗಿ ಗಟ್ಟಿಯಾದ ವಾಲ್ವ್ ಸ್ಟೆಮ್ ಸೀಲಿನ (ವಾಲ್ವ್‌ನ ಕಾಂಡದಗುಂಟ ಆಯಿಲ್ ಇಳಿಯದಂತೆ ತಡೆಯುವ ಸೀಲ್) ಕಡೆಗೆ ಬೆರಳು ತೋರಿಸುತ್ತಿವೆ; ನಿಂತಾಗ ಆಯಿಲ್ ಆ ಸೀಲನ್ನು ದಾಟಿ ಕೆಳಗಿಳಿಯುತ್ತದೆ, ಇಳಿಜಾರಿನಲ್ಲಿ ಥ್ರಾಟಲ್ ಮುಚ್ಚಿದಾಗ ಇನ್‌ಟೇಕ್‌ನಲ್ಲಿ ಹೆಚ್ಚುವ ನಿರ್ವಾತ ಅದನ್ನು ಒಳಗೆ ಸೆಳೆಯುತ್ತದೆ. ಅನೇಕ ಎಂಜಿನ್‌ಗಳಲ್ಲಿ, ಪ್ಲಗ್ ರಂಧ್ರದ ಮೂಲಕ ಗಾಳಿಯ ಒತ್ತಡ ಕೊಟ್ಟು ವಾಲ್ವ್‌ಗಳು ಕೆಳಗೆ ಬೀಳದಂತೆ ತಡೆದು, ಸಿಲಿಂಡರ್ ಹೆಡ್ (ಎಂಜಿನ್ನಿನ ಮೇಲ್ಭಾಗ) ಇಳಿಸದೆಯೇ ಈ ಸೀಲ್‌ಗಳನ್ನು ಬದಲಿಸಬಹುದು. ಅದಕ್ಕೂ ಎಂಜಿನ್ ಕೆಳಗಿಳಿಸಿ ಬಿಚ್ಚುವುದಕ್ಕೂ ಇರುವ ಅಂತರ ಎಷ್ಟೆಂದು ತಮಗೆ ಹೇಳಬೇಕಾಗಿಲ್ಲ.

ನನ್ನ ಊಹೆಯೇ ಸರಿ ಎಂದು ನಾನು ಹಟ ಹಿಡಿಯುತ್ತಿಲ್ಲ. ಅಳೆದು ನೋಡಿ ಎಂದಷ್ಟೇ ಕೇಳುತ್ತಿದ್ದೇನೆ. ನಾಲ್ಕೂ ಸಿಲಿಂಡರ್‌ಗಳ ಕಂಪ್ರೆಷನ್ (ಪಿಸ್ಟನ್ ಒತ್ತಿದಾಗ ಒಳಗೆ ಏರುವ ಒತ್ತಡ) ಅಳೆದು, ಮೂರನೆಯದು ಕಡಿಮೆ ಬಂದರೆ ಅದರೊಳಗೆ ಒಂದು ಚಮಚದಷ್ಟು ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಆಗ ಒತ್ತಡ ಎದ್ದು ಕಾಣುವಂತೆ ಏರಿದರೆ ದೋಷ ರಿಂಗ್ ಅಥವಾ ಸಿಲಿಂಡರಿನ ಒಳಗೋಡೆಯಾದ ಬೋರ್‌ನಲ್ಲಿದೆ ಎಂದು ನಾನೂ ಒಪ್ಪುತ್ತೇನೆ. ಕಂಪ್ರೆಷನ್ ಚೆನ್ನಾಗಿದ್ದೂ ಸಿಲಿಂಡರ್ ಗೋಡೆಯ ಆಯಿಲ್ ಒರೆಸುವ ಆಯಿಲ್ ರಿಂಗ್ ಮಾತ್ರ ಇಂಗಾಲ ಕಟ್ಟಿ ಸಿಕ್ಕಿಕೊಂಡಿರುವುದೂ ಉಂಟು, ಆದ್ದರಿಂದ ಪ್ಲಗ್ ರಂಧ್ರದಿಂದ ಬೋರ್‌ಸ್ಕೋಪ್ (ಪುಟ್ಟ ಕ್ಯಾಮೆರಾ) ಇಳಿಸಿ ಪಿಸ್ಟನ್ ತಲೆಯ ಅಂಚನ್ನೂ ಇನ್‌ಟೇಕ್ ವಾಲ್ವ್‌ನ ಬೆನ್ನನ್ನೂ ನೋಡಬೇಕು. ಎಂಜಿನ್ನಿನ ಕೆಳಭಾಗವಾದ ಕ್ರ್ಯಾಂಕ್‌ಕೇಸಿನಲ್ಲಿ ಸೇರುವ ಅನಿಲವನ್ನು ಹೊರಬಿಡುವ ಪಿಸಿವಿ ವಾಲ್ವ್ ಕಟ್ಟಿಕೊಂಡರೆ ಅಲ್ಲಿನ ಒತ್ತಡ ಹೆಚ್ಚಿ ಆಯಿಲ್ ಸಲ್ಲದ ದಾರಿಗಳಲ್ಲಿ ನುಗ್ಗುತ್ತದೆ. ಇಷ್ಟು ಚಿಕ್ಕ ಭಾಗವನ್ನು ಪರಿಶೀಲಿಸಿದ ಉಲ್ಲೇಖವೂ ಯಾವ ಜಾಬ್ ಕಾರ್ಡಿನಲ್ಲಿಯೂ ಇಲ್ಲ. ಮೂಲ ಹುಡುಕದೆ ಪ್ಲಗ್ ಬದಲಿಸುತ್ತ ಹೋಗುವುದು, ಸೋರುವ ಸೂರಿನ ಕೆಳಗೆ ಪಾತ್ರೆ ಬದಲಿಸಿದಂತೆ.

ನನಗೆ ತೀರ ಬೇಸರ ತಂದದ್ದು ಇನ್ನೊಂದು ಸಂಗತಿ. ಈಚೆಗೆ ಹಾಕಿದ ಪ್ಲಗ್‌ನ ಮೇಲಿನ ಸಂಖ್ಯೆ ನೋಡಿದರೆ, ಕಾರಿನ ಕೈಪಿಡಿಯಲ್ಲಿ ಹೇಳಿದ 6ರ ಬದಲು 5ರ ಹೀಟ್ ರೇಂಜ್ (ಪ್ಲಗ್ ಎಷ್ಟು ಬಿಸಿಯಾಗುತ್ತದೆ ಎಂಬುದನ್ನು ಸೂಚಿಸುವ ಅಂಕಿ) ಇದೆ. ಎನ್‌ಜಿಕೆ ಕಂಪನಿಯ ಪ್ಲಗ್‌ಗಳಲ್ಲಿ ಈ ಅಂಕಿ ಇಳಿದಷ್ಟೂ ಪ್ಲಗ್ ಹೆಚ್ಚು ಬಿಸಿಯಾಗುತ್ತದೆ. ತುದಿ ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅಂಟಿದ ಕೊಳೆ ಸುಟ್ಟುಹೋಗುತ್ತದೆ ಎಂಬ ಲೆಕ್ಕದಲ್ಲಿ ಹೀಗೆ ಮಾಡಿರಬಹುದು. ಆದರೆ ಅದರಿಂದ ಆಯಿಲ್ ಬರುವುದು ನಿಲ್ಲುವುದಿಲ್ಲ, ರೋಗಲಕ್ಷಣ ಕೆಲಕಾಲ ಮರೆಯಾಗುತ್ತದೆ ಅಷ್ಟೆ. ಮೇಲಾಗಿ ಭಾರ ಎಳೆಯುವಾಗ ತುದಿ ಅತಿಯಾಗಿ ಕಾದು, ಕಿಡಿ ಹಾರುವ ಮೊದಲೇ ಇಂಧನ ಹೊತ್ತಿಕೊಂಡು ಪಿಸ್ಟನ್ನಿಗೇ ಪೆಟ್ಟು ಬೀಳುವ ಅಪಾಯವಿದೆ. ಇಂಥ ಬದಲಾವಣೆಯನ್ನು ಮಾಲೀಕರಿಗೆ ತಿಳಿಸದೆ, ಬಿಲ್ಲಿನಲ್ಲಿ ಬರಿದೇ ‘ಸ್ಪಾರ್ಕ್ ಪ್ಲಗ್’ ಎಂದು ನಮೂದಿಸಿ ಮಾಡಿದ್ದು ಸರಿಯಲ್ಲ.

ಚೆಕ್ ಎಂಜಿನ್ ದೀಪ ಮಿನುಗುತ್ತಿದೆ ಎಂದು ಫೋನಿನಲ್ಲಿ ತಿಳಿಸಿದಾಗ, ಪರವಾಗಿಲ್ಲ, ಓಡಿಸಿಕೊಂಡು ಬನ್ನಿ ಎಂಬ ಉತ್ತರ ಬಂತು. ದೀಪ ಮಿನುಗುವುದು, ಹೊಗೆಯನ್ನು ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹಾನಿಯಾಗುವಷ್ಟು ಮಿಸ್‌ಫೈರ್ ಆಗುತ್ತಿದೆ ಎಂಬುದರ ಎಚ್ಚರಿಕೆ. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಅಲ್ಲಿ ಹೋಗಿ ಉರಿದು ಅದನ್ನು ಮಿತಿಮೀರಿ ಕಾಯಿಸುತ್ತದೆ. ಫೋನ್ ಎತ್ತುವವರಿಗೆ ಇಷ್ಟಾದರೂ ತಿಳಿದಿರಬೇಕು.

ಆದಕಾರಣ ಮೇಲೆ ಹೇಳಿದ ಪರೀಕ್ಷೆಗಳನ್ನು ನನ್ನ ಸಮ್ಮುಖದಲ್ಲಿ ನಡೆಸಿ, ಪ್ರತಿ ಸಿಲಿಂಡರಿನ ಅಳತೆಯನ್ನೂ ಬರಹದಲ್ಲಿ ಕೊಡಬೇಕೆಂದೂ, ಮೂರನೆಯ ಸಿಲಿಂಡರಿಗೆ ಕೈಪಿಡಿಯಲ್ಲಿ ಸೂಚಿಸಿದ ಪ್ಲಗ್ಗನ್ನೇ ತಮ್ಮ ಖರ್ಚಿನಲ್ಲಿ ಹಾಕಬೇಕೆಂದೂ, ಟ್ಯಾಪೆಟ್ ಕವರ್ ಕೆಲಸದ ಕೂಲಿಯನ್ನು ಮರಳಿಸಬೇಕೆಂದೂ ಕೋರುತ್ತೇನೆ. ಅಳತೆಗಳು ಓವರ್‌ಹಾಲ್ ಬೇಕೆಂದೇ ಹೇಳಿದರೆ ಅದಕ್ಕೆ ನನ್ನ ತಕರಾರಿಲ್ಲ. ಅಲ್ಲಿಯವರೆಗೆ ತಾವು ಕೊಟ್ಟ ಅಂದಾಜು ಪಟ್ಟಿಗೆ ನನ್ನ ಒಪ್ಪಿಗೆ ಇರುವುದಿಲ್ಲ, ಎಂಜಿನ್ ಬಿಚ್ಚಲು ಅನುಮತಿಯೂ ಇಲ್ಲ. ಜಾಬ್ ಕಾರ್ಡ್‌ಗಳ ಪ್ರತಿ, ಬಿಲ್‌ಗಳು ಮತ್ತು ನಾಲ್ಕೂ ಹಳೆಯ ಪ್ಲಗ್‌ಗಳ ಚಿತ್ರಗಳನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ. ತಮ್ಮ ಲಿಖಿತ ಉತ್ತರವನ್ನು ನಿರೀಕ್ಷಿಸುತ್ತೇನೆ.

ಇಂತಿ,
ತಮ್ಮ ವಿಶ್ವಾಸಿ,
ಕಾರಿನ ಮಾಲೀಕರು