ಎಂಎಂಎ ಕಲಿಯೋಕೆ ತಲೆಗೆ ಏಟು ತಿನ್ನಬೇಕಾಗಿಲ್ಲ

ಮಾನ್ಯ ಸಂಪಾದಕರೇ,

ಗುದ್ದು, ಒದೆ, ಕುಸ್ತಿಯ ಪಟ್ಟು ಎಲ್ಲ ಸೇರಿದ ಹೋರಾಟದ ಕ್ರೀಡೆ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ (ಎಂಎಂಎ) ಕಲಿಯಬೇಕು ಅಂತ ಬರುವ ಹೊಸಬರಲ್ಲಿ ಹೆಚ್ಚಿನವರು ನೋಡಿರುವುದು ಮೊಬೈಲ್‌ನಲ್ಲಿ ಓಡಾಡುವ ನಾಕೌಟ್ ತುಣುಕುಗಳನ್ನು. ಹಾಗಾಗಿ ಸೇರಿದ ವಾರವೇ ಗ್ಲೌಸ್ ಹಾಕಿಕೊಂಡು ಗುದ್ದಾಡಬೇಕು, ಮುಖಕ್ಕೆ ನಾಲ್ಕು ಬಿದ್ದರೆ ಗಟ್ಟಿಗರಾಗುತ್ತೇವೆ ಅಂದುಕೊಂಡಿರುತ್ತಾರೆ. ಕೆಲವು ಕೋಚ್‌ಗಳೂ ಹಾಗೇ ನಡೆಸುತ್ತಾರೆ. ಇದು ತಪ್ಪು. ಮೊದಲ ಕೆಲವು ತಿಂಗಳು ತಲೆಗೆ ಜೋರು ಏಟು ಬೀಳುವ ಸ್ಪಾರಿಂಗ್, ಅಂದರೆ ಅಭ್ಯಾಸಕ್ಕೆ ಮಾಡುವ ಕಾದಾಟ, ಹೊಸಬರಿಗೆ ಬೇಡವೇ ಬೇಡ.

ವ್ಯಾಯಾಮ ಮಾಡಿದರೆ ತೋಳು ಗಟ್ಟಿಯಾಗುತ್ತದೆ, ಆದರೆ ಏಟು ತಿಂದು ತಿಂದು ಮೆದುಳು ಗಟ್ಟಿಯಾಗುವುದಿಲ್ಲ. ಹೆಡ್‌ಗಾರ್ಡ್ ಇದೆಯಲ್ಲ ಅನ್ನುತ್ತಾರೆ. ಅದು ಚರ್ಮ ಸೀಳುವುದನ್ನು ಕಡಿಮೆ ಮಾಡುತ್ತದೆ ಅಷ್ಟೇ, ತಲೆಬುರುಡೆಯೊಳಗೆ ಮೆದುಳು ಅಲುಗಾಡುವುದನ್ನು ತಡೆಯುವುದಿಲ್ಲ. ಎಚ್ಚರ ತಪ್ಪದೇ ಇದ್ದರೂ ಮೆದುಳಿಗೆ ಪೆಟ್ಟಾಗಿರಬಹುದು. ಏಟು ಬಿದ್ದ ಮೇಲೆ ತಲೆನೋವು, ವಾಕರಿಕೆ, ಮಂಕು, ಬೆಳಕು ನೋಡಿದರೆ ತೊಂದರೆ, ಇವುಗಳಲ್ಲಿ ಏನೇ ಕಂಡರೂ ಅವತ್ತಿನ ಅಭ್ಯಾಸ ಅಲ್ಲಿಗೇ ನಿಲ್ಲಿಸಿ ವೈದ್ಯರ ಹತ್ತಿರ ಹೋಗಬೇಕು. ಅದು ವಾಸಿಯಾಗುವ ಮೊದಲೇ ಇನ್ನೊಂದು ಏಟು ಬಿದ್ದರೆ ಜೀವಕ್ಕೇ ಅಪಾಯ, ಅದರಲ್ಲೂ ಚಿಕ್ಕ ವಯಸ್ಸಿನವರಿಗೆ.

ಹಾಗಾದರೆ ಜೋರಾಗಿ ಅಭ್ಯಾಸ ಮಾಡದೆ ಹೋರಾಟ ಬರುತ್ತದಾ ಅಂತ ಕೇಳಬಹುದು. ಇದಕ್ಕೆ ಉತ್ತರ ಹಳೆಯದು. 1882ರಲ್ಲಿ ಜಪಾನಿನಲ್ಲಿ ಜಿಗೊರೊ ಕಾನೊ ಜೂಡೊ ಶುರು ಮಾಡಿದಾಗ, ಜತೆಯವರಿಗೆ ಪೆಟ್ಟಾಗುವ ವರಸೆಗಳನ್ನು ದಿನದ ಸೆಣಸಾಟದಿಂದ ಹೊರಗಿಟ್ಟರು. ಉಳಿದದ್ದನ್ನು ಪೂರ್ತಿ ಬಲ ಹಾಕಿ ಅಭ್ಯಾಸ ಮಾಡಬಹುದಿತ್ತು. ಬಿದ್ದರೂ ಪೆಟ್ಟಾಗದ ಹಾಗೆ ಬೀಳುವುದನ್ನು ಮೊದಲು ಕಲಿಸಿದರು. ಅವರ ಶಾಲೆಯಲ್ಲಿ ಕಲಿತ ಮಿತ್ಸುಯೊ ಮಯೆದಾ 1914ರಲ್ಲಿ ಬ್ರೆಜಿಲ್‌ಗೆ ಹೋದರು, ಅಲ್ಲಿ ಗ್ರೇಸಿ ಮನೆತನದ ಕೈಯಲ್ಲಿ ಆ ವಿದ್ಯೆ ಬ್ರೆಜಿಲಿಯನ್ ಜಿಯು-ಜಿತ್ಸು ಆಗಿ ಬೆಳೆಯಿತು. 1993ರ ನವೆಂಬರ್‌ನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಎಂಎಂಎಯ ದೊಡ್ಡ ಸ್ಪರ್ಧೆ ಯುಎಫ್‌ಸಿ ಮೊದಲ ಸಲ ನಡೆದಾಗ ಅದೇ ಮನೆಯ ರಾಯ್ಸ್ ಗ್ರೇಸಿ ಒಂದೇ ರಾತ್ರಿ 3 ಮಂದಿಯನ್ನು ಸೋಲಿಸಿದರು. ನೋಡಲು ಸಣಕಲ ಮನುಷ್ಯ. ಗುದ್ದಿ ಕೆಡವಿ ಗೆದ್ದದ್ದಲ್ಲ, ನೆಲಕ್ಕೆ ಎಳೆದು, ಹಿಡಿದು, ಸೋಲೊಪ್ಪಿಸಿ ಗೆದ್ದದ್ದು. ದಿನಾ ಒಬ್ಬರ ತಲೆ ಒಬ್ಬರು ಒಡೆಯದೆ ಮಾಡುವ ಅಭ್ಯಾಸದ ಫಲ ಅದು.

ಅದಕ್ಕೇ ಹೊಸಬರಿಗೆ ನಾನು ಹೇಳುವುದು, ಮೊದಲು ಮ್ಯಾಟ್ ಮೇಲೆ ಇಳಿಯಿರಿ ಅಂತ. ಕುಸ್ತಿಯೋ ಜಿಯು-ಜಿತ್ಸುವೋ, ಯಾವುದು ಸಿಕ್ಕರೂ ಸರಿ. ಬೀಳುವುದು, ಕೆಳಗೆ ಸಿಕ್ಕಿಬಿದ್ದಾಗ ಸೊಂಟ ಸರಿಸಿ ಬಿಡಿಸಿಕೊಳ್ಳುವುದು, ಮತ್ತೆ ಎದ್ದು ನಿಲ್ಲುವುದು, ಇಷ್ಟು ಮೊದಲು ಬರಲಿ. ಜತೆಗೇ ಟ್ಯಾಪ್ ಮಾಡಲು, ಅಂದರೆ ಕೈ ತಟ್ಟಿ ಸೋಲೊಪ್ಪಿಕೊಂಡು ಬಿಡಿಸಿಕೊಳ್ಳಲು, ಕಲಿಯಿರಿ. ಟ್ಯಾಪ್ ಮಾಡುವುದು ಅವಮಾನ ಅಲ್ಲ, ಅದು ಇರುವುದರಿಂದಲೇ ನಾಳೆ ಮತ್ತೆ ಅಭ್ಯಾಸಕ್ಕೆ ಬರಲು ಆಗುವುದು. ಕುತ್ತಿಗೆಯ ಪಟ್ಟು ಸರಿಯಾಗಿ ಬಿದ್ದರೆ ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ, ಹಿಮ್ಮಡಿ ತಿರುಚುವ ಹೀಲ್ ಹುಕ್‌ನಲ್ಲಂತೂ ನೋವು ಗೊತ್ತಾಗುವಷ್ಟರಲ್ಲಿ ಮಂಡಿಯ ಲಿಗಮೆಂಟ್ ಹರಿದಿರಬಹುದು. ಸುಮ್ನೆ ಹಟ ಮಾಡಬೇಡಿ.

ಪಂಚ್, ಕಿಕ್ ಬೇಡ ಅಂತ ಅಲ್ಲ. ನಿಲುವು, ಕಾಲಿನ ಚಲನೆ, ಜ್ಯಾಬ್ (ಮುಂದಿನ ಕೈಯ ನೇರ ಗುದ್ದು), ಬ್ಯಾಗ್ ಮತ್ತು ಪ್ಯಾಡ್ ಮೇಲಿನ ಅಭ್ಯಾಸ ಮೊದಲ ದಿನದಿಂದಲೇ ಮಾಡಬಹುದು. ಎದುರಾಳಿ ಜತೆ ಮಾಡುವಾಗ ಮಾತ್ರ ತಲೆ ಬಿಟ್ಟು ಮೈಗಷ್ಟೇ, ಮುಟ್ಟಿದಷ್ಟು ಹಗುರವಾಗಿ. ಸ್ಪರ್ಧೆಯ ಗ್ಲೌಸ್ ಸುಮಾರು 4 ಔನ್ಸ್ ಇರುತ್ತದೆ, ಅದನ್ನು ಹಾಕಿಕೊಂಡು ಯಾರೂ ಸ್ಪಾರಿಂಗ್ ಮಾಡಬಾರದು, ಬಾಕ್ಸಿಂಗ್‌ನ 16 ಔನ್ಸ್ ಗ್ಲೌಸ್ ಸರಿ. ಮೌತ್‌ಗಾರ್ಡ್ ಇಲ್ಲದೆ ಇಳಿಯಬೇಡಿ. ಉಗುರು ಕತ್ತರಿಸಿ, ಮುಗಿದ ಕೂಡಲೇ ಸ್ನಾನ ಮಾಡಿ, ಮ್ಯಾಟ್‌ನಿಂದ ಹುಳುಕಡ್ಡಿ ಬೇಗ ಹರಡುತ್ತದೆ. ನೀರು ಕುಡಿಯುವುದನ್ನು ಬಿಟ್ಟು ತೂಕ ಇಳಿಸುವ ಹುಚ್ಚು ಕಲಿಕೆಯ ಹಂತದಲ್ಲಿ ಯಾರಿಗೂ ಬೇಕಾಗಿಲ್ಲ.

ಪತ್ರಿಕೆಯವರಲ್ಲೂ ಒಂದು ಕೋರಿಕೆ. ಎಂಎಂಎ ಸುದ್ದಿ ಬಂದಾಗೆಲ್ಲ ರಕ್ತ ಸುರಿಯುವ ಮುಖದ ಚಿತ್ರವನ್ನೇ ಹಾಕುತ್ತೀರಿ. ಇದನ್ನು ಕಲಿಯುವುದು ಹೇಗೆ ಅನ್ನುವುದಕ್ಕೂ ಸ್ವಲ್ಪ ಜಾಗ ಕೊಡಿ. ಸ್ಪರ್ಧೆಗೇ ಹೋಗದೆ ವರ್ಷಗಟ್ಟಲೆ ಖುಷಿಯಿಂದ ಅಭ್ಯಾಸ ಮಾಡುವವರು ತುಂಬಾ ಜನ ಇದ್ದಾರೆ, ನಲವತ್ತು ದಾಟಿ ಶುರು ಮಾಡಿದವರೂ ಇದ್ದಾರೆ.

ಇನ್ನು ಸೇರುವವರು, ಮಕ್ಕಳನ್ನು ಸೇರಿಸುವವರು ಫೀಸು ಕಟ್ಟುವ ಮೊದಲು ಒಂದು ತರಗತಿ ಪೂರ್ತಿ ಕೂತು ನೋಡಿ. ಒಬ್ಬರು ಟ್ಯಾಪ್ ಮಾಡಿದ ತಕ್ಷಣ ಇನ್ನೊಬ್ಬರು ಬಿಡುತ್ತಾರಾ? ಹೊಸಬರನ್ನು ಯಾರ ಜತೆ ಬಿಡುತ್ತಾರೆ? ಹಳೆಯ ಗಾಯ ಇದೆಯಾ ಅಂತ ಕೋಚ್ ಕೇಳುತ್ತಾರಾ? ನೋಡಲು ಬಿಡುವುದಿಲ್ಲ ಅಂದರೆ ಬೇರೆ ಜಾಗ ಹುಡುಕಿ.

– ಎಂಎಂಎ ಅಭ್ಯಾಸ ಮಾಡುವ ಒಬ್ಬ ಓದುಗ