ಉಳಿಸಬೇಕಾದ 3 ಸೆಂಟಿಮೀಟರ್

ಹೋದ ಭಾನುವಾರ ನನಗೆ ಕರಾಟೆಯಲ್ಲಿ ಕಪ್ಪು ಬೆಲ್ಟ್ ಸಿಕ್ಕಿತು. ನನಗೀಗ 42. ಇದಕ್ಕೆ 7 ವರ್ಷ ಹಿಡಿಯಿತು. ಫೋನ್ ಮಾಡಿದವರಿಗೆ, ಕಾರವಾರದ ಮೀನು ಪೇಟೆಯಲ್ಲಿ ನಿಲ್ಲಿಸಿ ಮಾತಾಡಿಸಿದವರಿಗೆ ಎಲ್ಲರಿಗೂ ಥ್ಯಾಂಕ್ಸ್. "ಇನ್ನು ನಿಮ್ಮ ಯಜಮಾನರು ಹುಷಾರಾಗಿರಬೇಕು" ಎಂದವರು ಈವರೆಗೆ ಹನ್ನೊಂದು ಜನ. ಅವರಿಗೂ ಥ್ಯಾಂಕ್ಸ್, ಆದರೆ ಆ ಜೋಕು ಸಾಕು.

ಮಗಳನ್ನು ಕ್ಲಾಸಿಗೆ ಬಿಟ್ಟು ಸುಮ್ನೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ. "ಕೂತು ಕಾಯೋ ಬದಲು ನಿಂತು ಕಾಯಿರಿ" ಎಂದು ಸರ್ ಕೊನೇ ಸಾಲಿನಲ್ಲಿ ನಿಲ್ಲಿಸಿದರು. ಮಗಳು ಎರಡೇ ವರ್ಷಕ್ಕೆ ಬಿಟ್ಟಳು. ನಾನು ಉಳಿದೆ.

ಒಂದು ವಿಷಯ ಮುಚ್ಚಿಟ್ಟು ಥ್ಯಾಂಕ್ಸ್ ಹೇಳಿದರೆ ಅರ್ಧ ಸುಳ್ಳಾಗುತ್ತದೆ. ಕಪ್ಪಿಗೆ ಮುಂಚಿನ ಕಂದು ಬೆಲ್ಟ್ ಬಂದ ಹೊಸತರಲ್ಲಿ ನನಗೆ ಕೋಡು ಮೂಡಿತ್ತು. ನಮ್ಮ ಕ್ಲಾಸಿನ ಕುಮಿತೆಯಲ್ಲಿ, ಅಂದರೆ ಇಬ್ಬರು ಎದುರುಬದುರು ನಿಂತು ಹೊಡೆದಾಟದ ಅಭ್ಯಾಸ ಮಾಡುವಾಗ, ಏಟು ಮೈಗೆ ತಾಗುವ ಮುಂಚೆ ನಿಲ್ಲಬೇಕು. ಜಪಾನಿನವರು ಇದಕ್ಕೆ ಸುನ್‌ದೊಮೆ ಅನ್ನುತ್ತಾರೆ. ಒಂದು ಸುನ್ ಅಂದರೆ ಸುಮಾರು 3 ಸೆಂಟಿಮೀಟರ್. ಅಷ್ಟನ್ನೂ ನಾನು ಉಳಿಸಲಿಲ್ಲ. ಎದುರಿಗಿದ್ದವಳು ಹಸಿರು ಬೆಲ್ಟಿನ, ಒಂಬತ್ತನೇ ಕ್ಲಾಸಿನ ಹುಡುಗಿ. ಮೂಗಿನಿಂದ ರಕ್ತ ಬಂತು. ಬೇಕಂತ ಹೊಡೆದದ್ದಲ್ಲ ಎಂದು ಬಹಳ ದಿನ ಹೇಳಿಕೊಂಡು ತಿರುಗಿದೆ. ಬೇಕಂತಲ್ಲ, ನಿಜ. ಆದರೆ ಎಲ್ಲರೂ ನೋಡುತ್ತಿದ್ದರು ಅಲ್ವಾ, ನನಗೆ ಜೋರಾಗಿ ಕಾಣಬೇಕಿತ್ತು.

ಸರ್ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಮೂರು ತಿಂಗಳು ಕುಮಿತೆಗೆ ಕರೆಯಲೇ ಇಲ್ಲ. ಬಸ್ಸಾಯ್ ದಾಯ್ ಎಂಬ ಕಟಾ, ಅಂದರೆ ಎದುರಿಗೆ ಯಾರೂ ಇಲ್ಲದೆ ಕ್ರಮವಾಗಿ ಮಾಡುವ ಪಟ್ಟುಗಳ ಸಾಲು, ಅದೊಂದನ್ನೇ ಮಾಡಿಸಿದರು. "ಕರಾಟೆಯಲ್ಲಿ ಮೊದಲ ಏಟು ಇಲ್ಲ" ಎಂಬ ಫುನಾಕೋಶಿಯವರ ಮಾತು ನಮ್ಮ ಹಾಲ್‌ನ ಗೋಡೆಯ ಮೇಲಿದೆ. 1922ರಲ್ಲಿ ಓಕಿನಾವಾದಿಂದ ಟೋಕಿಯೋಗೆ ಹೋಗಿ ಕರಾಟೆ ತೋರಿಸಿದವರು ಅವರು. ಅಷ್ಟು ವರ್ಷ ಆ ಬರಹದ ಕೆಳಗೇ ಚಪ್ಪಲಿ ಬಿಟ್ಟಿದ್ದೆ. ಓದಿದ್ದು ಆ ಮೂರು ತಿಂಗಳಲ್ಲೇ.

ಏಟು ಬಿದ್ದ ಮರುದಿನವೇ ಹುಡುಗಿಯ ಮನೆಗೆ ಹೋಗಿ ತಪ್ಪಾಯ್ತು ಎಂದಿದ್ದೆ. ಅವಳಮ್ಮ ಚಾ ಕೊಟ್ಟರು. "ಹಂಗಾರೆ ತಪ್ಪಿಸಿಕೊಳ್ಳೋದು ಹೇಗಂತ ನೀವೇ ಇವಳಿಗೆ ಕಲಿಸಿ" ಎಂದರು. ಮುಂದಿನ ವಾರವೇ ಅವಳನ್ನು ಕ್ಲಾಸಿಗೆ ಕಳಿಸಿದರು. ನಾನಾಗಿದ್ದರೆ ಕಳಿಸುತ್ತಿರಲಿಲ್ಲ. ಈ ಬೆಲ್ಟಿನ ಋಣ ಎಲ್ಲರಿಗಿಂತ ಜಾಸ್ತಿ ಆ ತಾಯಿಗೆ. ಭಾನುವಾರದ ಪರೀಕ್ಷೆಯಲ್ಲಿ "ಇವರ ಎದುರಿಗೆ ಯಾರು ನಿಲ್ತೀರಿ?" ಎಂದು ಸರ್ ಕೇಳಿದಾಗ ಮೊದಲು ಕೈ ಎತ್ತಿದವಳು ಅದೇ ಹುಡುಗಿ. ಈ ಸಲ 3 ಸೆಂಟಿಮೀಟರ್ ಉಳಿಯಿತು.

ಕ್ಲಾಸಿನ ಸಂಜೆಗಳಲ್ಲಿ ಅಡುಗೆ ನೋಡಿಕೊಂಡ ನಾದಿನಿಗೆ, ಜೂನ್ ಮಳೆಯಲ್ಲೂ ಕೋಡಿಬಾಗಕ್ಕೆ ಆಟೋ ತಂದವರಿಗೆ, ಟ್ಯಾಗೋರ್ ಬೀಚಿನ ಮರಳಲ್ಲಿ ನಾನು ಬಿದ್ದಾಗ ನಗದೆ ವಾಕಿಂಗ್ ಮುಂದುವರಿಸಿದ ಹಿರಿಯರಿಗೆ ನಮಸ್ಕಾರ.

ಬೆಲ್ಟ್ ಕಟ್ಟುವಾಗ ಸರ್ ಹೇಳಿದರು: "ಈ ಬೆಲ್ಟಿನ ಹೆಸರು ಶೊದಾನ್, ಅಂದರೆ ಮೊದಲ ಮೆಟ್ಟಿಲು. ಇಷ್ಟು ದಿನ ನೀವು ಮೆಟ್ಟಿಲು ಎಲ್ಲಿದೆ ಅಂತ ಹುಡುಕ್ತಾ ಇದ್ರಿ, ಅಷ್ಟೆ." ಜೊತೆಗೆ ಹಾಲ್‌ನ ಕೀಲಿ ಕೊಟ್ಟು, ಬಿಳಿ ಬೆಲ್ಟಿನ ಹದಿನಾಲ್ಕು ಮಕ್ಕಳನ್ನೂ ಒಪ್ಪಿಸಿದರು.

ನಿನ್ನೆ ಅವರಲ್ಲೊಬ್ಬ ಪುಟ್ಟ ಕೇಳಿದ, "ಅಕ್ಕೋರೇ, ನೀವು ಯಾರಿಗಾದ್ರೂ ಹೊಡೆದಿದ್ದೀರಾ?" ಹೌದು ಎಂದೆ. ಎಲ್ಲರನ್ನೂ ಕೂರಿಸಿ ಪೂರ್ತಿ ಹೇಳಿದೆ.