ನೋವಿರುವ ಕೀಲನ್ನೇ ಬಿಟ್ಟ ಎಂಆರ್‌ಐ

ಸಂಪಾದಕರಿಗೆ,

ಆಸ್ಪತ್ರೆಯ ಎಂಆರ್‌ಐ ಸರದಿಯ ಬಗ್ಗೆ ನಿನ್ನೆ ನೀವು ಪ್ರಕಟಿಸಿದ ವರದಿ ಓದಿದೆ. ಸರದಿ ಉದ್ದವಾಗಿದೆ ಎಂದಷ್ಟೇ ಇತ್ತು. ಸರದಿ ಮುಗಿದ ಮೇಲೆ ಏನಾಗುತ್ತದೆ ಎಂಬುದನ್ನು ನಾನು ಹೇಳುತ್ತೇನೆ.

ನನ್ನ ಮಗನಿಗೆ 24 ವರ್ಷ. ನಡುರಾತ್ರಿ ದಾಟಿದ ಮೇಲೆ ನೋವಿಗೆ ಎಚ್ಚರ. ಬೆಳಿಗ್ಗೆ ಎದ್ದರೆ ಒಂದು ಗಂಟೆ ಸೊಂಟ ಬಗ್ಗುವುದಿಲ್ಲ. ಓಡಾಡಿದರೆ ಸಡಿಲ, ಮಲಗಿದರೆ ಮತ್ತೆ ಬಿಗಿ. ಮೂರು ವರ್ಷ ಎಲ್ಲರೂ ಎಕ್ಸ್‌ರೇ ಎತ್ತಿ ಹಿಡಿದು ‘ನಾರ್ಮಲ್ ಇದೆ’ ಎಂದು ವಾಪಸ್ ಕಳಿಸಿದರು. ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಬೆನ್ನುಮೂಳೆಯ ಕೀಲುಗಳು ಉರಿಯೂತದಿಂದ ಬಿಗಿಯುವ ಸಂಧಿವಾತ ಇರಬಹುದು ಎಂದು ಸಂಧಿವಾತ ತಜ್ಞರು ಹೇಳಿದ್ದು ಈ ವರ್ಷ. ಮೂಳೆ ಸವೆದ ಮೇಲಷ್ಟೇ ಎಕ್ಸ್‌ರೇಯಲ್ಲಿ ಕಾಣುತ್ತದಂತೆ, ಅದಕ್ಕೆ ವರ್ಷಗಳೇ ಹಿಡಿಯಬಹುದಂತೆ. ಮೂಳೆಮಜ್ಜೆಯ ಊತ ಎಂಆರ್‌ಐಯಲ್ಲಿ ಮೊದಲೇ ಸಿಗುತ್ತದೆ. 2009ರಲ್ಲೇ ಅಂತರರಾಷ್ಟ್ರೀಯ ತಜ್ಞರು ಈ ಗುಂಪಿನ ರೋಗಗಳನ್ನು ಗುರುತಿಸುವ ಮಾನದಂಡದಲ್ಲಿ ಎಂಆರ್‌ಐ ಸೇರಿಸಿದ್ದಾರೆ. ನಮ್ಮವರಿಗೆ ಇನ್ನೂ ತಿಳಿದಿಲ್ಲವೇ?

ಐದು ವಾರ ಕಾದು ಮೊನ್ನೆ ಸ್ಕ್ಯಾನ್‌ಗೆ ಆಸ್ಪತ್ರೆಗೆ ಹೋದೆವು. ಬೆಳಿಗ್ಗೆ 7ರಿಂದ ಮಧ್ಯಾಹ್ನ 3ರವರೆಗೆ ಕಬ್ಬಿಣದ ಬೆಂಚು. ಕೂತಷ್ಟೂ ಬಿಗಿಯುವ ಬೆನ್ನಿನವನಿಗೆ ಅದು ಶಿಕ್ಷೆ. ಎರಡು ಸಲ ಎದ್ದು ನಡೆದಾಡಿದ್ದಕ್ಕೆ ಸಿಬ್ಬಂದಿ ಗದರಿದರು. ಕೊನೆಗೆ ಬಂದ ವರದಿಯಲ್ಲಿ ‘ಡಿಸ್ಕ್ ಸರಿಯಾಗಿದೆ’ ಎಂದಿದೆ. ಡಿಸ್ಕ್ ಕೇಳಿದ್ದು ಯಾರು? ತಜ್ಞರ ಚೀಟಿಯಲ್ಲಿ ಸೇಕ್ರೋಇಲಿಯಾಕ್ ಕೀಲು, ಸ್ಟಿರ್ ಚಿತ್ರ (ಮೂಳೆಯೊಳಗಿನ ಊತ ಎದ್ದು ಕಾಣುವ ಎಂಆರ್‌ಐ ಚಿತ್ರ) ಸಹಿತ ಎಂದು ದೊಡ್ಡ ಅಕ್ಷರದಲ್ಲಿತ್ತು. ಬೆನ್ನುಮೂಳೆಯ ಬುಡಕ್ಕೂ ಸೊಂಟದ ಮೂಳೆಗೂ ನಡುವಿನ ಕೀಲು ಅದು, ಈ ರೋಗ ಸಾಮಾನ್ಯವಾಗಿ ಶುರುವಾಗುವ ಜಾಗ. ಅದನ್ನೇ ಬಿಟ್ಟು ಅದರ ಮೇಲಿನ ಬೆನ್ನುಮೂಳೆಯ ಚಿತ್ರ ತೆಗೆದು ಕೊಟ್ಟಿದ್ದಾರೆ. ತಜ್ಞರು ನೋಡಿ ಸುಮ್ಮನೆ ತಲೆ ಆಡಿಸಿದರು. ಮತ್ತೆ ತೆಗೆಸಿ ಎಂದರು. ಅಂದರೆ ಮತ್ತೆ ಐದು ವಾರ, ಮತ್ತೆ ನನ್ನ ರಜೆ, ಮತ್ತೆ ಅವನ ರಾತ್ರಿಗಳು. ಔಷಧ ಶುರು ಮಾಡುವ ನಿರ್ಧಾರವೂ ಅಲ್ಲಿಗೇ ನಿಂತಿದೆ.

ಚೀಟಿ ಓದುವ ಅಭ್ಯಾಸವೇ ಅಲ್ಲಿಲ್ಲ. ಕಳೆದ ವರ್ಷ ಆಸ್ಪತ್ರೆಯ ಕುಂದುಕೊರತೆ ಸಭೆಯಲ್ಲಿ ಲಿಫ್ಟ್ ಕೆಟ್ಟಿದ್ದನ್ನು ಹೇಳಿದಾಗ ಅಧಿಕಾರಿ ಪುಸ್ತಕದಲ್ಲಿ ಬರೆದುಕೊಂಡರು. ಬೆನ್ನು ಬಗ್ಗದವರು ಇಂದಿಗೂ ಮೆಟ್ಟಿಲು ಹತ್ತುತ್ತಿದ್ದಾರೆ. ಕುಡಿಯುವ ನೀರಿನ ಅರ್ಜಿ ಕೊಟ್ಟು ಎರಡು ವರ್ಷವಾಯಿತು. ಉತ್ತರ ಬಂದಿಲ್ಲ, ಫೋನ್ ಎತ್ತುವುದಿಲ್ಲ, ಎತ್ತಿದರೆ ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ’.

ನನ್ನ ಮಗನ ಸ್ಕ್ಯಾನ್ ಈ ವಾರವೇ ಮತ್ತೆ ಆಗಬೇಕು. ಚೀಟಿ ಓದದವರನ್ನು ಯಂತ್ರದ ಹತ್ತಿರ ಬಿಡಬಾರದು. ಲಿಫ್ಟೂ ಸರಿಯಾಗಬೇಕು. ಇದ್ಯಾವುದೂ ಆಗದಿದ್ದರೆ ಆ ಅಧಿಕಾರಿ ಒಂದು ದಿನ ಬಂದು ಅದೇ ಬೆಂಚಿನ ಮೇಲೆ ಕೂರಲಿ. ನಾಚಿಕೆಯಾಗಬೇಕು ಇವರಿಗೆ!

– ನೊಂದ ತಾಯಿ